ಡೆಲ್ಮರ್ ಹೇಳಿದ್ದೇ ಸರಿ

"ಏಳೂವರೆ ಲೀಟರ್!" ಡೆಲ್ಮರ್ ತೆರೆದ ಬಾನೆಟ್ಟಿನೊಳಗೆ ತಲೆ ತೂರಿಸಿ ಹೇಳಿದ. "ಇಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ಪೆಟ್ರೋಲ್ ಕುಡಿಯೋಕೆ ಶುರು ಮಾಡಿದ್ರೆ ಬಂಕಿನವನು ನಿನ್ನನ್ನ ಅಳಿಯ ಮಾಡ್ಕೋತಾನೆ ಕಣೋ, ವರ್ಲಿನ್."

ಕೋಆಪ್ ಎಂಬ ಸಹಕಾರಿ ಮಳಿಗೆಯ ಅಂಗಳದಲ್ಲಿ ನಿಂತಿದ್ದ ನಾಲ್ಕೈದು ಮಂದಿ ರೈತರು ಕಾಫಿ ಲೋಟ ಹಿಡಿದುಕೊಂಡೇ ನಕ್ಕರು. ವರ್ಲಿನ್ ನಗಲಿಲ್ಲ. ತೊಂಬತ್ತು ಮೈಲಿ ಆಚೆಯ ಷೋರೂಮಿನಿಂದ ಹೊಸ ಪಿಕಪ್ಪನ್ನು ಓಡಿಸಿಕೊಂಡು ಆಗಷ್ಟೇ ಬಂದಿದ್ದ. ಅಂಗಿಯ ತೋಳಿನಿಂದ ಬಾನೆಟ್ಟಿನ ಅಂಚಿನ ಧೂಳನ್ನು ಒರೆಸಿದ. ಅರವತ್ತೆಂಟು ವರ್ಷದ ಮನುಷ್ಯನಿಗೆ ಅಷ್ಟು ಸಂಭ್ರಮ ತರವಲ್ಲ ಎಂದು ಅವನಿಗೂ ಗೊತ್ತಿತ್ತು, ಆದರೆ ಕೈ ಕೇಳುತ್ತಿರಲಿಲ್ಲ.

"ಎರಕದ ಕಬ್ಬಿಣದ ಬ್ಲಾಕು," ಎಂದ. "ಟರ್ಬೋ ಇಲ್ಲ, ಹೊಗೆ ಸೋಸೋ ಡಬ್ಬಿ ಇಲ್ಲ, ಚಳಿಗೆ ಹೆಪ್ಪುಗಟ್ಟೋ ಡೀಸೆಲ್ ಇಲ್ಲ. ನನ್ನಜ್ಜ ಬಂದು ಸ್ಪ್ಯಾನರ್ ಹಿಡಿದ್ರೂ ಬಿಚ್ಚಿ ಜೋಡಿಸ್ಬಹುದು."

"ಹೆತ್ತೋರಿಗೆ ಹೆಗ್ಗಣ ಮುದ್ದು," ಎಂದ ಡೆಲ್ಮರ್. "ಇದೇ ಜಾಗದಲ್ಲಿ ನಿಂತು ನೀನೇ ಹೇಳಿರ್ಲಿಲ್ವಾ, ಪೆಟ್ರೋಲ್ ಇರೋದು ಹುಲ್ಲು ಕತ್ತರಿಸೋ ಯಂತ್ರಕ್ಕೆ ಅಂತ?"

ಹೇಳಿದ್ದು ನಿಜ. ನಲವತ್ತು ವರ್ಷ ವರ್ಲಿನ್ ಡೀಸೆಲ್ ಬಿಟ್ಟು ಬೇರೆ ಗಾಡಿ ಮುಟ್ಟಿದವನಲ್ಲ. ಆ ಕಡೆಯ ದನ ಸಾಕುವವರಲ್ಲಿ ಅದು ಹೆಚ್ಚುಕಡಿಮೆ ಮತದ ಹಾಗೆ. ಗಂಡಸು ಚರ್ಚು ಬಿಟ್ಟರೂ ಒಂದು ವಾರ ಮಾತಾಡಿಕೊಂಡು ಸುಮ್ಮನಾಗುತ್ತಾರೆ, ಡೀಸೆಲ್ ಬಿಟ್ಟರೆ ವರ್ಷಗಟ್ಟಲೆ ಬಿಡುವುದಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಅವನು ಈ ಗಾಡಿಗೆ ಹೆಸರು ಬರೆಸಿದಾಗಿನಿಂದ ಕಾಫಿ ಮೇಜಿನಲ್ಲಿ ಬೇರೆ ವಿಷಯವೇ ಇರಲಿಲ್ಲ.

"ಅದೋ ಅಲ್ಲಿ ನನ್ನ ಟ್ರೇಲರ್ ನಿಂತಿದೆ," ಡೆಲ್ಮರ್ ಗಲ್ಲ ಎತ್ತಿ ತೋರಿಸಿದ. "ಹನ್ನೊಂದು ಹೋರಿ. ಸಂತೆಗೆ ಹೊರಟಿದ್ದೀನಿ. ಎಳೀತದೇನು ನಿನ್ನ ಹೆಗ್ಗಣ?"

"ಸಾವಿರ ಮೈಲಿ ಖಾಲಿ ಓಡ್ಬೇಕು. ಆಮೇಲೆ ಭಾರ. ಪುಸ್ತಕದಲ್ಲಿ ಬರೆದಿದ್ದಾರೆ."

"ಓಹೋ. ಹೊಸ ಸೊಸೆ, ಬಿಂದಿಗೆ ಎತ್ತೋ ಹಾಗಿಲ್ಲ."

ಇಂಜಿನ್ನನ್ನು ಪಳಗಿಸುವ ಶಾಸ್ತ್ರವನ್ನು ವರ್ಲಿನ್ ಜೀವಮಾನದಲ್ಲಿ ಒಮ್ಮೆಯೂ ಮೀರಿರಲಿಲ್ಲ. ಸಾವಿರ ಎಂದರೆ ಸಾವಿರ, ಒಂಬೈನೂರ ತೊಂಬತ್ತೂ ಅಲ್ಲ. ಅವತ್ತು ಮಾತ್ರ ಕಿವಿ ಕೆಂಪಗೆ ಮಾಡಿಕೊಂಡು ಗಾಡಿಯನ್ನು ಹಿಂದಕ್ಕೆ ಬಿಟ್ಟು ಡೆಲ್ಮರನ ಟ್ರೇಲರಿಗೆ ಕೊಂಡಿ ಹಾಕಿದ. ಡೆಲ್ಮರ್ ಪಕ್ಕದಲ್ಲಿ ಹತ್ತಿ ಕೂತು, ಬೇಕೆಂದೇ ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿದ.

ಊರಾಚೆಯ ದಿಣ್ಣೆ ಎರಡು ಮೈಲಿ ಉದ್ದದ ಏರು. ಡೆಲ್ಮರನ ಡೀಸೆಲ್ ಗಾಡಿಯೂ ಅಲ್ಲಿ ಒಮ್ಮೆ ಕೆಮ್ಮಿ ಗೇರು ಇಳಿಸುತ್ತದೆ. ಹೊಸ ಇಂಜಿನ್ನೂ ಗೇರು ಇಳಿಸಿತು, ದನಿ ಒಂದಿಷ್ಟು ಏರಿತು, ಅಷ್ಟೇ. ಹಿಂದೆ ಹೋರಿಗಳು ಗೊರಸು ಬಡಿಯುವುದು ಕೂಡ ಒಳಗೆ ಕೇಳುತ್ತಿತ್ತು. ಅರವತ್ತರಲ್ಲಿ ಹಿಡಿದ ವೇಗದ ಮುಳ್ಳು ಅರವತ್ತರಲ್ಲೇ ತುದಿ ತಲುಪಿತು. ಕನ್ನಡಿಯಲ್ಲಿ ವರ್ಲಿನ್ ಹುಡುಕಿ ನೋಡಿದ. ಹೊಗೆ ಎಂಬುದೇ ಇರಲಿಲ್ಲ.

ದಿಣ್ಣೆಯ ಮೇಲೆ ನಿಲ್ಲಿಸಿದಾಗ ಡೆಲ್ಮರ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಎಳೀತು," ಎಂದ. "ಅಲ್ಲಿ ಅವರ ಮುಂದೆ ಹೇಳಲ್ಲ ನಾನು. ಆದ್ರೆ ಎಳೀತು."

"ಬಿಗ್‌ಹಾರ್ನ್ ಘಟ್ಟ ಹತ್ತುತ್ತಾ?"

"ಹತ್ತುತ್ತೆ ಮಾರಾಯ. ಹಾಡ್ಕೊಂಡು ಹತ್ತುತ್ತೆ." ಡೆಲ್ಮರ್ ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತ ಕೂತ. "ಜೂನ್‌ಗೆ ಹೋಗೋದು ಅಂದ್ಯಲ್ಲ?"

"ಹೂಂ. ಸಾವಿರ ಮೈಲಿ ಮುಗಿದ್ಮೇಲೆ."

"ಜೂನ್ ಯಾವಾಗ್ಲೋ ಬರುತ್ತೆ. ನೀನು ಈಗ್ಲೇ ಮನೆಗೆ ಹೋಗು. ಆರ್ಲಿಸ್‌ನ ಕೂರಿಸ್ಕೊಂಡು ಇವತ್ತೇ ಒಂದು ಸುತ್ತು ಹಾಕ್ಕೊಂಡು ಬಾ."

ಡೆಲ್ಮರ್ ಅಷ್ಟು ಮೃದುವಾಗಿ ಮಾತಾಡಿದ್ದು ವರ್ಲಿನ್‌ಗೆ ತಮಾಷೆಯಾಗಿ ಕಂಡಿತು. ಸೋತವನ ದನಿ ಅಂದುಕೊಂಡ.

ಆರ್ಲಿಸ್ ವರ್ಲಿನ್‌ನ ಹೆಂಡತಿ. ಮೂವತ್ತು ವರ್ಷ ಇದೇ ಕೋಆಪಿನ ಧಾನ್ಯದ ಗೋದಾಮಿನಲ್ಲಿ ತೂಕ ಬರೆಯುತ್ತ ಧೂಳು ಕುಡಿದವಳು. ಆ ಧೂಳು ಈಗ ಶ್ವಾಸಕೋಶದಲ್ಲಿ ಗೂಡು ಕಟ್ಟಿತ್ತು. ಹಳೆಯ ಡೀಸೆಲ್ ಪಿಕಪ್ಪಿನಲ್ಲಿ ಕೂತರೆ ಐದು ನಿಮಿಷಕ್ಕೆ ಕೆಮ್ಮು ಹತ್ತಿ ತುಟಿ ನೀಲಿಯಾಗುತ್ತಿತ್ತು. ಎರಡು ವರ್ಷದಿಂದ ಅವಳು ಗಂಡನ ಗಾಡಿ ಹತ್ತಿರಲಿಲ್ಲ. ಆಸ್ಪತ್ರೆಗೆ ಡೆಲ್ಮರನ ಹೆಂಡತಿಯ ಕಾರಿನಲ್ಲಿ ಹೋಗಿ ಬರುತ್ತಿದ್ದಳು. ಬಂದಾಗಲೆಲ್ಲ, "ಸುಧಾರಿಸ್ತಿದೆಯಂತೆ, ರಾತ್ರಿ ಹೊತ್ತು ಮಾತ್ರ ಆಮ್ಲಜನಕ ಸಾಕಂತೆ," ಎನ್ನುತ್ತಿದ್ದಳು.

ವಯೋಮಿಂಗಿನಲ್ಲಿ, ಬಿಗ್‌ಹಾರ್ನ್ ಬೆಟ್ಟದ ಆಚೆ ಅವಳ ಅಕ್ಕ ಇದ್ದಳು. ನೋಡದೆ ಮೂರು ವರ್ಷ. ಹೊಗೆಯಿಲ್ಲದ ಗಾಡಿ ತಂದು, ಹಿಂದೆ ಮಲಗುವ ಟ್ರೇಲರ್ ಕಟ್ಟಿ, ನಿಧಾನವಾಗಿ ಕರೆದುಕೊಂಡು ಹೋಗಬೇಕು. ಇದೊಂದೇ ಕಾರಣಕ್ಕೆ ವರ್ಲಿನ್ ಡೀಸೆಲ್ ಬಿಟ್ಟಿದ್ದ. ಕಾಫಿ ಮೇಜಿನಲ್ಲಿ ಹೇಳಿದ್ದರೆ ಒಬ್ಬನೂ ನಗುತ್ತಿರಲಿಲ್ಲ. ಅಯ್ಯೋ ಪಾಪ ಎನ್ನುತ್ತಿದ್ದರು. ಆರ್ಲಿಸ್‌ಗೆ ಆ ಮಾತು ಬೈಗುಳಕ್ಕಿಂತ ಕಡೆ. ಅದಕ್ಕೇ ಅವನು ಎರಕದ ಕಬ್ಬಿಣ, ಎಂಟು ಸಿಲಿಂಡರ್ ಎಂದು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ. ಒಪ್ಪಿಸುತ್ತ ಒಪ್ಪಿಸುತ್ತ ನಿಜಕ್ಕೂ ಆ ಇಂಜಿನ್ನನ್ನು ಪ್ರೀತಿಸತೊಡಗಿದ್ದ.

ಡೆಲ್ಮರನನ್ನೂ ಹೋರಿಗಳ ಟ್ರೇಲರನ್ನೂ ಕೋಆಪಿನಲ್ಲಿ ಬಿಟ್ಟು ವರ್ಲಿನ್ ಮನೆಗೆ ಹೊರಟ. ಮನೆ ದಾರಿಯ ತಿರುವಿನಲ್ಲಿ, ಟಪಾಲು ಡಬ್ಬಿಯ ಹತ್ತಿರ, ಅಭ್ಯಾಸಬಲದಿಂದ ವೇಗ ತಗ್ಗಿಸಿದ. ಅಲ್ಲಿಂದ ಮನೆ ಅರ್ಧ ಮೈಲಿ. ಹಳೆಯ ಡೀಸೆಲ್ಲಾದರೆ ಇಷ್ಟು ಹೊತ್ತಿಗೆ ಅದರ ಕಟಕಟ ಅಡುಗೆಮನೆಗೆ ಕೇಳುತ್ತಿತ್ತು. ಅವನು ಒಳಗೆ ಕಾಲಿಡುವಷ್ಟರಲ್ಲಿ ಆರ್ಲಿಸ್ ಒಲೆಯ ಮುಂದೆ ನಿಂತಿರುತ್ತಿದ್ದಳು, ಮೇಜಿನ ಮೇಲೆ ಕಾಫಿ ಇರುತ್ತಿತ್ತು. ಮದುವೆಯಾದ ನಲವತ್ತೊಂದು ವರ್ಷದಿಂದ ಅದು ಹಾಗೇ. ಇವತ್ತು ಗಾಡಿ ಅಂಗಳಕ್ಕೆ ಬಂದು ನಿಂತರೂ ಗಾಳಿಯ ಸದ್ದೇ ಜಾಸ್ತಿಯಿತ್ತು. ಸಂಜೆ ಬರುತ್ತೇನೆ ಎಂದಿದ್ದವನು ಮೂರು ಗಂಟೆಗೇ ಬಂದಿದ್ದ. ಅವಳನ್ನು ಬೆಚ್ಚಿಬೀಳಿಸೋಣ ಎಂದು ಬಾಗಿಲು ಬಡಿಯದೆ ಹಿತ್ತಿಲ ಕಡೆಯಿಂದ ಹೋದ.

ಹಿಂಬಾಗಿಲ ಗಾಜಿನಲ್ಲಿ ಅವಳು ಕಂಡಳು.

ಆರ್ಲಿಸ್ ಅವನ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದಳು. ಗಾಲಿ ಇರುವ, ಮೋಟು ಸ್ಟೂಲು. ಚಕ್ರ ಬಿಚ್ಚುವಾಗ ಅವನು ಕೂತು ಸರಿಯುತ್ತಿದ್ದ ಅದು ಚಳಿಗಾಲದಿಂದ ಕಾಣೆಯಾಗಿತ್ತು. ಡೆಲ್ಮರ್ ಎತ್ತಿಕೊಂಡು ಹೋಗಿದ್ದಾನೆ ಎಂದೇ ವರ್ಲಿನ್ ನಂಬಿದ್ದ. ಅವಳ ಮೂಗಿಗೆ ಆಮ್ಲಜನಕದ ಕೊಳವೆಯಿತ್ತು, ಮೂಲೆಯಲ್ಲಿ ಯಂತ್ರ ಗುಂಯ್ ಎನ್ನುತ್ತಿತ್ತು. ಮಡಿಲಲ್ಲಿ ಸುಲಿದ ಆಲೂಗಡ್ಡೆಯ ಪಾತ್ರೆ. ಒಂದು ಕಾಲಿನಿಂದ ನೆಲ ತಳ್ಳಿ ಒಂದು ಗೇಣು ಸರಿದಳು. ನಿಂತಳು. ಬಾಯಿ ತೆರೆದು ಉಸಿರು ಹುಡುಕಿದಳು. ಮತ್ತೆ ತಳ್ಳಿದಳು. ಕಟ್ಟೆಯಿಂದ ಒಲೆಗೆ ನಾಲ್ಕು ಹೆಜ್ಜೆ. ನಡುವೆ ಊಟದ ಮೇಜು ಸಿಕ್ಕಿದಾಗ ಅದರ ಅಂಚಿಗೆ ಹಣೆ ಆನಿಸಿ ತುಂಬ ಹೊತ್ತು ಹಾಗೇ ಇದ್ದಳು. ಬೆನ್ನು ಮಾತ್ರ ಏರಿ ಇಳಿಯುತ್ತಿತ್ತು.

ವರ್ಲಿನ್‌ನ ಕೈ ಬಾಗಿಲ ಹಿಡಿಯ ಮೇಲೇ ಇತ್ತು. ತಿರುಗಿಸಲಿಲ್ಲ. ಡೀಸೆಲ್ಲಿನ ಸದ್ದು ಕೇಳಿದ ಮೇಲೆ ಇವಳು ಅದೆಷ್ಟು ಸಲ ಈ ಸ್ಟೂಲನ್ನು ಬಚ್ಚಿಟ್ಟು, ಕೊಳವೆ ಕಿತ್ತು, ಒಲೆ ಹಿಡಿದುಕೊಂಡು ನೆಟ್ಟಗೆ ನಿಂತಿದ್ದಾಳೆ? ಸುಧಾರಿಸುತ್ತಿಲ್ಲ. ಯಾವತ್ತೂ ಸುಧಾರಿಸಿರಲಿಲ್ಲ. ಡೆಲ್ಮರನ ಹೆಂಡತಿಗೆ ಗೊತ್ತಿತ್ತು. ಡೆಲ್ಮರನಿಗೂ ಗೊತ್ತಿತ್ತು. ಗಾಳಿಯೇ ತೆಳುವಾಗುವ ಒಂಬತ್ತು ಸಾವಿರ ಅಡಿ ಎತ್ತರದ ಘಟ್ಟಕ್ಕೆ ಇವಳನ್ನು ಕರೆದುಕೊಂಡು ಹೋಗಲು ತಾನೊಬ್ಬ ಹದಿನಾಲ್ಕು ತಿಂಗಳು ಇಂಜಿನ್ನಿನ ಲೆಕ್ಕ ಹಾಕುತ್ತ ಕೂತಿದ್ದೆನಲ್ಲ ಎನ್ನಿಸಿ, ನಿಂತಲ್ಲೇ ಕಣ್ಣು ತುಂಬಿತು.

ಬಂದ ಹೆಜ್ಜೆಯಲ್ಲೇ ಹಿಂದೆ ಸರಿದ. ಗಾಡಿಯನ್ನು ಸದ್ದಿಲ್ಲದೆ ಟಪಾಲು ಡಬ್ಬಿಯ ತನಕ ಹಿಂದಕ್ಕೆ ಬಿಟ್ಟು, ಅಲ್ಲಿಂದ ಹಾರನ್ ಒತ್ತಿದ. ಒಂದು ಸಲ ಸಾಲದೆಂದು ಮೂರು ಸಲ ಒತ್ತಿದ. ಹಬ್ಬದ ದಿನ ಬಂದ ನೆಂಟನ ಹಾಗೆ. ಆಮೇಲೆ ಇಂಜಿನ್ ಆರಿಸಿ, ಸ್ಟೀರಿಂಗ್ ಹಿಡಿದು ಕೂತು, ಹತ್ತು ನಿಮಿಷ ಕಾದ. ಸಾಲದೇನೋ ಎನ್ನಿಸಿ ಇನ್ನೈದು ನಿಮಿಷ ಕಾದ.

ಒಳಗೆ ಬಂದಾಗ ಅವಳು ಒಲೆಯ ಮುಂದೆ ನಿಂತಿದ್ದಳು. ಆಲೂಗಡ್ಡೆ ಬೇಯಲು ಶುರುವಾಗಿತ್ತು. ಸ್ಟೂಲು ಕಾಣಲಿಲ್ಲ, ಕೊಳವೆಯೂ ಇಲ್ಲ. ಮೂಗಿನ ಕೆಳಗೆ ಮಾತ್ರ ಕೆಂಪು ಗೆರೆ ಉಳಿದಿತ್ತು.

"ಇದೇನು ಮದುವೆ ದಿಬ್ಬಣವಾ, ಹಾರನ್ ಹೊಡ್ಕೊಂಡು ಬರೋಕೆ?" ಎಂದಳು. ಎರಡು ಮಾತಿನ ನಡುವೆ ಒಂದು ಉಸಿರು. "ಸಂಜೆ ಅಂದಿದ್ದೆ ನೀನು. ಹೇಗಿದೆ ನಿನ್ನ ಹೊಸ ಹೆಂಡ್ತಿ?"

ಅವಳ ಎಡಗೈ ಒಲೆಯ ಹಿಡಿಯನ್ನು ಕಚ್ಚಿಕೊಂಡಿತ್ತು. ಗೆಣ್ಣುಗಳು ಬೆಳ್ಳಗಾಗಿದ್ದವು. ಇಷ್ಟು ದಿನ ಇದು ತನ್ನ ಕಣ್ಣಿಗೆ ಬೀಳದೇ ಹೋದದ್ದಾದರೂ ಹೇಗೆ?

ವರ್ಲಿನ್ ಕುರ್ಚಿಯ ಮೇಲೆ ದೊಪ್ಪನೆ ಕೂತು ಟೋಪಿಯನ್ನು ಮೇಜಿನ ಮೇಲೆ ಎಸೆದ.

"ದಂಡ," ಎಂದ.

"ಏನಾಯ್ತು?"

"ಡೆಲ್ಮರ್ ಹೇಳಿದ್ದೇ ಸರಿ. ಎಳೆಯೋಲ್ಲ ಅದು. ಊರ ದಿಣ್ಣೆಯಲ್ಲೇ ಏದುಸಿರು ಬಿಡ್ತು. ಅಂಥಾದ್ದು ಬಿಗ್‌ಹಾರ್ನ್ ಏನು ಹತ್ತುತ್ತೆ, ಟ್ರೇಲರ್ ಕಟ್ಕೊಂಡು? ನಡು ಘಟ್ಟದಲ್ಲಿ ನಿಂತ್ಬಿಟ್ರೆ ಕಷ್ಟ. ಈ ವರ್ಷ ನಿಮ್ಮಕ್ಕನ ಊರು ಬಿಟ್ಬಿಡೋಣ, ಆರ್ಲಿಸ್. ನನ್ನಿಂದಾಗಿ ಹೀಗಾಯ್ತು."

ಎಷ್ಟೋ ತಿಂಗಳಿಂದ ಎತ್ತಿ ಹಿಡಿದಿದ್ದ ಅವಳ ಭುಜಗಳು ಮೆಲ್ಲಗೆ ಕೆಳಗಿಳಿದದ್ದನ್ನು ವರ್ಲಿನ್ ನೋಡಿದ. ಅವಳು ಒಲೆ ಬಿಟ್ಟು ಮೇಜು ಹಿಡಿದಳು, ಮೇಜು ಹಿಡಿದು ಅವನ ಎದುರಿನ ಕುರ್ಚಿಗೆ ಬಂದು ಕೂತಳು.

"ಅಯ್ಯೋ," ಎಂದಳು. "ಅದಕ್ಕೆ ಹದಿನಾಲ್ಕು ತಿಂಗಳು ಕಾದ್ಯಲ್ಲೋ."

"ಹೂಂ."

"ಡೆಲ್ಮರ್ ಇನ್ನು ಸಾಯೋ ತನಕ ಆಡ್ಕೋತಾನೆ."

"ಆಡ್ಕೊಳ್ಲಿ. ನಾಳೆ ನಾನೇ ಹೋಗಿ ಎಲ್ಲರ ಮುಂದೆ ಹೇಳ್ತೀನಿ, ನೀನು ಗೆದ್ದೆ ಅಂತ."

ಅದನ್ನು ಹೇಳುವಾಗ ಅವನ ದನಿ ಒಡೆಯಿತು. ತಡೆಯಲಾಗದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಆರ್ಲಿಸ್ ಕೈ ಚಾಚಿ ಅವನ ತಲೆ ಸವರಿದಳು. ಅವಳ ಬೆರಳು ಮಂಜಿನಷ್ಟು ತಣ್ಣಗಿತ್ತು.

"ಹುಚ್ಚಪ್ಪ," ಎಂದಳು. "ಒಂದು ಇಂಜಿನ್ನಿಗೋಸ್ಕರ ಯಾರಾದ್ರೂ ಹೀಗೆ ಅಳ್ತಾರಾ? ಮುಂದಿನ ವರ್ಷ ಹೋದ್ರಾಯ್ತು. ಅಷ್ಟರಲ್ಲಿ ಅದೂ ಪಳಗಿರುತ್ತೆ."

"ಹೂಂ. ಮುಂದಿನ ವರ್ಷ."

ಒಲೆಯ ಮೇಲೆ ಪಾತ್ರೆ ಉಕ್ಕಿತು. ನೀರು ಸುಯ್ಯೆಂದು ಕೆಳಗಿಳಿಯಿತು. ಆರ್ಲಿಸ್ ಮೇಜಿಗೆ ಅಂಗೈ ಊರಿ ಏಳಲು ನೋಡಿದಳು.

"ನೀನು ಕೂತ್ಕೋ," ಎಂದ ವರ್ಲಿನ್.

ನಲವತ್ತೊಂದು ವರ್ಷದಲ್ಲಿ ತನ್ನ ಒಲೆಗೆ ಅವನನ್ನು ಕೈ ಹಾಕಲು ಬಿಟ್ಟವಳಲ್ಲ ಅವಳು. ಇವತ್ತು ಕೂತೇ ಇದ್ದಳು. ಅವನು ನಾಲ್ಕು ಹೆಜ್ಜೆ ನಡೆದು ಹೋಗಿ ಉರಿ ಸಣ್ಣದು ಮಾಡಿದ.