ಹೊಸ ಕೊಂಬು

ಕೊಂಬು ಇಷ್ಟು ದೂರಕ್ಕೂ ಬೆಳ್ಳಗೆ ಕಾಣುತ್ತದಲ್ಲ ಎಂದುಕೊಂಡ ಸಂಜೀವಯ್ಯ, ಬಂಡೆಯ ಬುಡದಲ್ಲಿ ಕೂತು — ಬಂಡೆಯ ಮೇಲೆ ಕೆತ್ತಿದ ಮಿಕ್ಕ ಗೂಳಿಗಳೆಲ್ಲ ಕಲ್ಲಿನ ಬಣ್ಣಕ್ಕೇ ತಿರುಗಿ ಓರೆ ಬಿಸಿಲಿಗಷ್ಟೇ ಎದ್ದು ನಿಲ್ಲುವಂಥವು, ಇದೊಂದು ಮಾತ್ರ ಮಟಮಟ ಮಧ್ಯಾಹ್ನದಲ್ಲೂ ಸುಣ್ಣ ಬಳಿದ ಹಾಗೆ, ಎಷ್ಟು ಚೆಂದ ಮಾಡಿದೆ ಎಂದು ಮೊನ್ನೆ ತಾನೇ ಹಿಗ್ಗಿದ್ದ, ನಿಡುಗಲ್ಲಿನಿಂದ ಪಾವಗಡದವರೆಗೆ ಮನೆಮನೆಯ ಸವೆದ ಒರಳು ಕಟೆದುಕೊಟ್ಟ ಕೈ, ಸವೆದದ್ದನ್ನು ಕಂಡರೆ ಸುಮ್ಮನಿರುತ್ತದೆಯೇ, ಹೋದ ವರ್ಷ ಪುರಾತತ್ವ ಇಲಾಖೆಯ ಭವ್ಯ ಮೇಡಂ ಈ ಕಣಿವೆಗೆ ಬಂದಾಗ ದಾರಿ ತೋರಿಸಿದ್ದು ಅವನೇ, ಮೂರು ಸಾವಿರ ವರ್ಷದ್ದು ಅಜ್ಜಾ, ಕಲ್ಲಿಂದ ಕಲ್ಲು ಕುಟ್ಟಿ ಮಾಡಿದ್ದಾರೆ, ದೊಡ್ಡ ಸಾಹೇಬರು ನೋಡಿ ಒಪ್ಪಿದರೆ ಇಲ್ಲಿಗೆ ಜಲ್ಲಿ ಕ್ರಷರ್ ಬರೋಕಾಗಲ್ಲ, ಎಂದಿದ್ದರು ಮೇಡಂ — ಹಂಗಾದ್ರೆ ನಮ್ ಕಸುಬಿನೋನೇ ಕಣಮ್ಮ ಅಂವ, ಎಂದಿದ್ದ, ಅಷ್ಟು ಹಿಂದಿನ ನಂಟನೊಬ್ಬ ಸಿಕ್ಕ ಖುಷಿಗೆ ಅವತ್ತು ಊಟವೇ ಸೇರಲಿಲ್ಲ, ಸಾಹೇಬರು ಬರುತ್ತಾರೆಂದು ಗೊತ್ತಾದದ್ದೇ ತಡ ಉಳಿ ಸುತ್ತಿಗೆ ಹಿಡಿದು ಹತ್ತಿಬಿಟ್ಟ, ನಂಟನ ಗೂಳಿ ದೊಡ್ಡವರ ಕಣ್ಣಿಗೆ ಮಂಕಾಗಿ ಕಾಣಬಾರದು, ಅಷ್ಟೇ.

ಈಗ ಸಾಹೇಬರು ಕೊಂಬನ್ನು ಸವರುತ್ತಾರೆ, ಬೆರಳಿಗೆ ಬಿಳಿ ಪುಡಿ, ಇದು ಮೊನ್ನೆ ಮೊನ್ನೆಯದು ಕಣ್ರೀ, ಕ್ರಷರ್ ತಪ್ಪಿಸೋಕೆ ಊರೋರೇ ಕೆತ್ತಿದ್ದಾರೆ, ಮಿಕ್ಕಿದ್ದನ್ನ ಹೆಂಗ್ ನಂಬೋದು — ಮೇಡಂ ಮುಖ ಬಿಳಿಚಿಕೊಂಡಿತು, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲ, ಬಾಯಿ ಬಿಟ್ಟರೆ ಜೈಲೋ ಏನೋ, ಬಿಡದಿದ್ದರೆ ಗುಡ್ಡವೇ ಜಲ್ಲಿ, ಎದ್ದೇ ಬಿಟ್ಟ, ಇದೊಂದು ನಾನೇ ಕುಟ್ಟಿದ್ದು ಸಾಮಿ, ಮಿಕ್ಕವ ಮುಟ್ಟಿಲ್ಲ, ನಮ್ಮವ್ವನಾಣೆ, ಸವೆದೋಗಿತ್ತು, ನಿಮಗೆ ವಸಿ ಎದ್ದು ಕಾಣ್ಲಿ ಅಂತ ಮಾಡ್ಬುಟ್ಟೆ. ಸಾಹೇಬರು ಅವನನ್ನೂ ಅವನ ಕೈಯನ್ನೂ ನೋಡಿದರು, ಪಕ್ಕದ ಗೂಳಿಗಳನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿದರು, ಎಷ್ಟು ಹೊತ್ತೋ, ಕೊನೆಗೆ, ಇವು ಹಳೇವೇ, ಇದೊಂದನ್ನ ಬಿಟ್ಟು ಮಿಕ್ಕಿದ್ದು ಬರ್ಕೊಳ್ಳಿ.

ಗುಡ್ಡ ಉಳಿಯಿತು, ನಗಬೇಕು, ನಗು ಬರುತ್ತಿಲ್ಲ, ಯಾಕ್ ಮುಟ್ಟಿದ್ರಿ ಅಜ್ಜಾ, ಆ ನಿಮ್ ಕಸುಬಿನೋನ ಕೈಪೆಟ್ಟು ಒಂದೊಂದೂ ಎಣಿಸೋ ಹಾಗಿದ್ದದ್ದು ಇದೊಂದರಲ್ಲೇ, ಎನ್ನುತ್ತಾರೆ ಮೇಡಂ ಮೆಲ್ಲಗೆ, ಬೈದಿದ್ದರೆ ಚೆನ್ನಾಗಿತ್ತು — ಎಲ್ಲರೂ ಇಳಿದು ಹೋದ ಮೇಲೆ ಬಂಡೆ ಹತ್ತಿ ಬೆರಳಿಟ್ಟು ಹುಡುಕುತ್ತಾನೆ, ಇಲ್ಲಿ ನನ್ನ ಪೆಟ್ಟು, ಇಲ್ಲೂ ನನ್ನದೇ, ಅವನದೊಂದಾದರೂ, ಬುಡದಲ್ಲಿ, ತುದಿಯಲ್ಲಿ, ಒಂದೇ ಒಂದು — ನನ್ನದೇ, ಬಿಳಿ, ಬರೀ ಬಿಳಿ ಕೊಂಬು.