ಬಲಗೈ ಗ್ರಿಪ್ಪು

"ಕೊಯ್ದು ಬಿಸಾಕಿ ಅತ್ಲಾಗೆ, ಅದರ ಜೊತೆ ಎಂಥ ಜಗಳ?" ಎಂದಳು ಹೆಂಡತಿ ಒಳಗಿನಿಂದಲೇ.

ಅವನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಬೈಕಿನ ಹ್ಯಾಂಡಲಿನ ಬಲಗಡೆಯ ರಬ್ಬರ್ ಗ್ರಿಪ್ಪನ್ನು ಬ್ಲೇಡಿನಿಂದ ಸೀಳಿ ತೆಗೆಯುತ್ತಿದ್ದ. ಎಡಗಡೆಯದು ಆಗಲೇ ಬದಲಾಗಿತ್ತು. ನಿಜ ಹೇಳಬೇಕೆಂದರೆ ಹಳೆಯ ಗ್ರಿಪ್ಪುಗಳಿಗೆ ಏನೂ ಆಗಿರಲಿಲ್ಲ. ಹೋದ ಮಳೆಗಾಲದಲ್ಲಷ್ಟೇ ಹಾಕಿಸಿದ್ದು, ಹಿಡಿತಕ್ಕೆಂದು ಕೊರೆದ ಗೀರುಗಳು ಇನ್ನೂ ಹಾಗೇ ಇದ್ದವು. ಆದರೂ "ಪೂರ್ತಿ ಸವೆದಿದೆ ಕಣೇ, ಕೈ ಜಾರುತ್ತೆ" ಎಂದು ವಾರದಿಂದ ಒಂದೇ ರಾಗ ಎಳೆದಿದ್ದ.

ದೋಷ ರಬ್ಬರಿನದ್ದಲ್ಲ ಎಂದು ಅವನಿಗೆ ಒಳಗೊಳಗೇ ಗೊತ್ತಿತ್ತು. ಕೊರಿಯರ್ ಕಂಪನಿಯ ಪಾರ್ಸೆಲ್ ಹೇರಿಕೊಂಡು ದಿನವಿಡೀ ಬೈಕು ಓಡಿಸುವವನು. ಬಲಗೈ ಬೆರಳುಗಳು ಮೊದಮೊದಲು ಜೋಮು ಹಿಡಿಯುತ್ತಿದ್ದವು, ಕೊಡವಿದರೆ ಸರಿಹೋಗುತ್ತಿದ್ದವು. ಈಗ ಎಷ್ಟು ಕೊಡವಿದರೂ ಅಷ್ಟೇ. ಲೋಟ ಬಿದ್ದರೆ ಲೋಟಕ್ಕೆ ಬೈದ, ಅಂಗಿಯ ಗುಂಡಿ ಸಿಗದಿದ್ದರೆ ದರ್ಜಿಯ ವಂಶಕ್ಕೇ ಬೈದ. ಬೈಸಿಕೊಳ್ಳಲು ಇನ್ನು ಗ್ರಿಪ್ಪೇ ಬಾಕಿ ಇದ್ದದ್ದು. ಕಂಪನಿಗೆ ಗೊತ್ತಾದರೆ ಅವತ್ತೇ ಮನೆಗೆ ಕಳಿಸುತ್ತಾರೆ. ಹೆಂಡತಿಗೆ ಹೇಳೋಣವೆಂದರೆ, ದಿನಾ ಬೆಳಿಗ್ಗೆ ಅವನ ಬೆನ್ನ ಹಿಂದೆ ಕೂತು ಹೊಲಿಗೆ ಕಾರ್ಖಾನೆಗೆ ಹೋಗುವವಳು ಅವಳೇ.

ಹೊಸ ಗ್ರಿಪ್ಪು ಗಟ್ಟಿ ರಬ್ಬರಿನದು, ಮೈತುಂಬ ಮುಳ್ಳುಮುಳ್ಳು. ಇಷ್ಟು ಒರಟಾಗಿದ್ದರೆ ಕೈಗೆ ಗೊತ್ತಾದೀತೆಂಬ ಆಸೆ ಅವನದು. ಕುದಿಯುವ ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಏರಿಸಬೇಕೆಂದು ಅಂಗಡಿಯವನು ಹೇಳಿದ್ದ. ಮೊದಲನೆಯದನ್ನು ಅವಳೇ ಇಕ್ಕಳದಲ್ಲಿ ಎತ್ತಿಕೊಟ್ಟಿದ್ದಳು. ಈಗ ಎರಡನೆಯದು ಮುಳುಗಿದ್ದ ಪಾತ್ರೆಯನ್ನು ಒಲೆಯಿಂದ ಇಳಿಸಿ ತಂದು ಅವನ ಪಕ್ಕದಲ್ಲಿಟ್ಟು, "ತಡೀರಿ, ಇಕ್ಕಳ ತರ್ತೀನಿ" ಎಂದು ಒಳಹೋದಳು.

ಅವನಿಗೆ ತಡೆಯುವ ಬುದ್ಧಿ ಎಲ್ಲಿತ್ತು? ಬಲಗೈ ಬೆರಳುಗಳನ್ನು ಪಾತ್ರೆಯೊಳಗೆ ಇಳಿಬಿಟ್ಟು ತಡಕಾಡಿದ. ಗ್ರಿಪ್ಪು ಸಿಕ್ಕಿತು, ಜಾರಿತು. "ಥೂ, ಇದರ!" ಎಂದು ಮತ್ತೆ ಹಿಡಿದ. ತಲೆಯೆತ್ತಿದರೆ ಅವಳು ಇಕ್ಕಳ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಪಾತ್ರೆಯ ಮೇಲಿತ್ತು. ನೀರಿನಿಂದ ಹಬೆ ಏಳುತ್ತಿತ್ತು.

"ಅಯ್ಯಪ್ಪಾ!" ಎಂದು ಅವನು ಕೈ ಎಳೆದುಕೊಂಡ. ಆ ಕೂಗು ತೀರ ತಡವಾಗಿ ಬಂದಿತ್ತು.

"ಸುಡ್ತಾ?" ಎಂದು ಕೇಳಿದಳು.

"ಸುಡದೆ ಇರುತ್ತಾ? ಉರಿ ಕಣೇ, ಪ್ರಾಣ ಹೋಗ್ತಿದೆ."

ಅವಳು ಅವನೆದುರು ಕೂತು ಕೈ ಹಿಡಿದುಕೊಂಡಳು. ಬೆರಳುಗಳು ಕೆಂಪೇರಿದ್ದವು. ತೋರುಬೆರಳಿನ ತುದಿಗೆ ತನ್ನ ಉಗುರನ್ನು ಬಲವಾಗಿ ಒತ್ತಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಯಾವಾಗ ಕೂಗಬೇಕೆಂದು ಅಲ್ಲಿಂದಲಾದರೂ ತಿಳಿದೀತೆಂದು.

"ಯಾವಾಗಿನಿಂದ ಹೀಗೆ?"

"ಏನು ಯಾವಾಗಿನಿಂದ?"

"ನಾಟಕ ಸಾಕು ರೀ. ದಿನಾ ನಾನು ಹಿಂದೆ ಕೂತ್ಕೊಂಡು ನಿಶ್ಚಿಂತೆಯಿಂದ ತೂಕಡಿಸ್ತಿದ್ನಲ್ಲಾ! ಈಗ ಕೆಲಸ ಬಿಡಿ ಅನ್ನೋಣ ಅಂದ್ರೆ ನನ್ನೊಬ್ಬಳ ದುಡಿಮೇಲಿ ಮನೆ ನಡೆಯಲ್ಲ. ಹೋಗಿ ಬನ್ನಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಂಪನಿಯ ಮೇಲ್ವಿಚಾರಕ.

"ಏನಪ್ಪಾ, ಇನ್ನೂ ಮನೇಲೇ ಇದ್ದೀಯಾ? ಇಲ್ಲಿ ಪಾರ್ಸೆಲ್ ರಾಶಿ ಬಿದ್ದಿದೆ."

"ಹೊರಟೆ ಸಾರ್, ಹೊರಟೆ."

ಅವಳು ಇಕ್ಕಳದಿಂದ ಗ್ರಿಪ್ಪನ್ನೆತ್ತಿ, ಬಟ್ಟೆಯಲ್ಲಿ ಹಿಡಿದು, ಹ್ಯಾಂಡಲಿಗೆ ತಿರುಚಿ ತಿರುಚಿ ಕೊನೆಯವರೆಗೂ ಏರಿಸಿದಳು. ಅವನ ಬೆರಳಿಗೆ ತಣ್ಣೀರು ಸುರಿದಳು. ಒಳಹೋಗಿ ಊಟದ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲಿಗೆ ಬೀಗ ಜಡಿದು ಬಂದಳು.

"ನೀನು ಬಸ್ಸಲ್ಲಿ ಹೋಗು ಇವತ್ತು," ಎಂದ ಅವನು, ನೆಲ ನೋಡುತ್ತಾ.

"ಮತ್ತೆ ನೀವು?"

ಅವನು ಬೈಕನ್ನು ಬೀದಿಗೆ ತಿರುಗಿಸಿ ಏರಿ ಕೂತ. ಅವಳು ಸೆರಗು ಸಿಕ್ಕಿಸಿಕೊಂಡು ಎಂದಿನಂತೆ ಹಿಂದೆ ಹತ್ತಿ ಕೂತಳು. ಬೈಕು ಚಾಲೂ ಆಯಿತು. ಅವನು ಆಕ್ಸಿಲರೇಟರ್ ತಿರುವಿದ. ಎಷ್ಟು ತಿರುವಿದೆನೆಂದು ಕೈಗೆ ಗೊತ್ತಾಗಲಿಲ್ಲ, ಇಂಜಿನ್ನಿನ ಸದ್ದು ಕೇಳಿ ಅಂದಾಜು ಮಾಡಿಕೊಂಡ. ಬೆನ್ನ ಹಿಂದೆ ಅವಳೂ ಉಸಿರು ಬಿಗಿಹಿಡಿದು ಆ ಸದ್ದನ್ನೇ ಕೇಳುತ್ತಿದ್ದಳು.