ಮುಳುಗುವ ಮುನ್ನ ಮುಕ್ಕಾಲು ಗಂಟೆ

"ಗಾಳಿ ಇಳೀತು ಮಹಾರಾಯ್ತಿ! ಇನ್ನಾದ್ರೂ ಉಗುರು ಕಚ್ಚೋದು ಬಿಡು," ಎನ್ನುತ್ತ ನಿಬಾಲ್ದೊ ಗುಮ್ಮಟ ತೆರೆಯುವ ಗುಂಡಿ ಒತ್ತಿದ. ಅಟಕಾಮಾದ ಈ ಬೆಟ್ಟದ ಮೇಲೆ ದೂರದರ್ಶಕ ನಡೆಸುತ್ತಲೇ ಮುದುಕನಾದವನು. ವಿಜ್ಞಾನಿಗಳನ್ನು ಗೋಳುಹೊಯ್ದುಕೊಳ್ಳದೆ ಅವನಿಗೆ ಸಂಜೆಯ ಚಹಾ ಇಳಿಯುತ್ತಿರಲಿಲ್ಲ.

ಎಲಿಯಾನ ನಗಲಿಲ್ಲ. ಪಶ್ಚಿಮದಲ್ಲಿ, ಕಡಲ ಕಡೆ, ಆಕಾಶ ಇನ್ನೂ ಕೆಂಪಗಿತ್ತು. ಎರಡು ವಾರದ ಹಿಂದೆ ಅಲ್ಲೊಂದು ಗಾಮಾ ಕಿರಣಗಳ ಸ್ಫೋಟವಾಗಿತ್ತು. ಅದರ ಹಿಂದೆ ನಕ್ಷತ್ರವೊಂದರ ಸಾವಿದ್ದರೆ, ಆ ಸೂಪರ್‌ನೋವಾ ಈಗ ತುಂಬಿ ಬೆಳಗುತ್ತಿರಬೇಕು. ನೋಡಲು ಉಳಿದದ್ದು ಇದೊಂದೇ ಸಂಜೆ, ಅದೂ ಮುಕ್ಕಾಲು ಗಂಟೆ. ಆಮೇಲೆ ಆ ಜಾಗ ಸೂರ್ಯನ ಮರೆಗೆ ಸರಿಯುತ್ತದೆ. ತಿಂಗಳುಗಳ ಮೇಲೆ ಮತ್ತೆ ಕಾಣುವಷ್ಟರಲ್ಲಿ ಎಲ್ಲ ಆರಿಹೋಗಿರುತ್ತದೆ. ಇಂಥವೇ ಹಿಂದಿನ ಎರಡು ಸ್ಫೋಟಗಳನ್ನು ಮೋಡ ನುಂಗಿತ್ತು. ಇದೂ ಹೋದರೆ ಅವಳ ಆರು ವರ್ಷದ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ವಿಶ್ವವಿದ್ಯಾಲಯ ಇನ್ನೊಂದು ವರ್ಷ ಕೊಡುವುದಿಲ್ಲವೆಂದು ಖಂಡಿತವಾಗಿ ಹೇಳಿಯಾಗಿತ್ತು.

ಫೋನ್ ಹೊಡೆದುಕೊಂಡಿತು. ನಿಬಾಲ್ದೊ ಇಬ್ಬರಿಗೂ ಕೇಳುವಂತೆ ಇಟ್ಟ.

"ನಾನು ರೊಸಿಯೊ ಅಂತ, ಕನ್ಸೆಪ್ಸಿಯೋನ್ ವಿಶ್ವವಿದ್ಯಾಲಯದಿಂದ," ಹುಡುಗಿ ಏದುಸಿರು ಬಿಡುತ್ತಿದ್ದಳು. "ಈಗಷ್ಟೇ ಒಂದು ಸ್ಫೋಟ ಆಗಿದೆ ಸಾರ್, ಪೂರ್ವದಲ್ಲಿ. ಇವತ್ತು ದೂರದರ್ಶಕದ ಮೇಲೆ ನಮ್ಗೆ ಹಕ್ಕಿಲ್ಲ, ಗೊತ್ತು. ಯಾರು ನೋಡ್ತಿದ್ದಾರೋ ಅವ್ರು ಮನಸ್ಸು ಮಾಡಿ ಒಂದು ಗಂಟೆ ಬಿಟ್ಟುಕೊಟ್ರೆ... ಬೆಳಕು ಇಳೀತಾನೇ ಇದೆ. ಆರಿಹೋದ್ರೆ ಅದು ಎಷ್ಟು ದೂರದ್ದು ಅಂತ ಯಾವತ್ತೂ ಗೊತ್ತಾಗಲ್ಲ. ಇದು ನನ್ನ ಮೊದಲನೇದು."

ನಿಬಾಲ್ದೊ ಫೋನಿಗೆ ಅಂಗೈ ಮುಚ್ಚಿದ. "ಆಗಲ್ಲ ಅಂದ್ಬಿಡ್ಲಾ? ಸಂಜೆ ನಿಂದು. ಯಾರೂ ಕೇಳೋ ಹಾಗಿಲ್ಲ."

"ಅಂದ್ಬಿಡಿ," ಎಂದಳು ಎಲಿಯಾನ. ಅವನು ಕೈ ತೆಗೆಯುವಷ್ಟರಲ್ಲಿ, "ತಡೀರಿ, ತಡೀರಿ," ಎಂದಳು.

ಆ ಹುಡುಗಿಯ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂದಿತ್ತು. ಇವತ್ತೇ ಆಗಬೇಕಿತ್ತೇ? ಎರಡು ವಾರದ ಹಿಂದೆ ತಾನೂ ಹೀಗೇ ಅಂಗಲಾಚಿದ್ದಳು. ಯಾರೋ ಬಿಟ್ಟುಕೊಟ್ಟಿದ್ದರು. ಖುಷಿಯ ಭರದಲ್ಲಿ ಅವರ ಹೆಸರನ್ನೂ ಕೇಳಿರಲಿಲ್ಲ.

"ತಿರುಗಿಸಿ, ನಿಬಾಲ್ದೊ ಅವ್ರೇ."

"ತಲೆ ನೆಟ್ಟಗಿದೆಯೇನೇ? ನಿಂದು ಮುಳುಗಿಹೋಗತ್ತೆ!"

"ಗೊತ್ತು. ತಿರುಗಿಸಿ ಅಂದ್ನಲ್ಲ!"

ನಿಬಾಲ್ದೊ ಫೋನಿನಿಂದ ಕೈ ತೆಗೆದು, "ಆಯ್ತಮ್ಮ," ಎಂದ. ಅಷ್ಟು ದೊಡ್ಡ ಕನ್ನಡಿ ಹೊತ್ತ ಯಂತ್ರ ಮೆಲ್ಲಗೆ ಪೂರ್ವಕ್ಕೆ ಹೊರಳಿತು. ಎಲಿಯಾನ ಒಂದೊಂದೇ ಆದೇಶ ಕೊಡುತ್ತ ಕೂತಳು. ಮನಸ್ಸು ಮಾತ್ರ ಪಶ್ಚಿಮದಲ್ಲೇ ಇತ್ತು. ಗಂಟೆ ತುಂಬುವ ಹೊತ್ತಿಗೆ ಪರದೆಯ ಮೇಲೆ ಬೆಳಕಿನ ಪಟ್ಟಿ, ಅದರೊಳಗಿನ ಕಪ್ಪು ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಆ ಕಡೆ ರೊಸಿಯೊ ಆ ಗೆರೆಗಳಿಂದ ದೂರದ ಲೆಕ್ಕ ಹಾಕಿ ಕಿರುಚಿಯೇಬಿಟ್ಟಳು. ಆಮೇಲೆ ಅತ್ತಳು. ಅತ್ತು ಮುಗಿಸಿ ಅಳುಕುತ್ತ ಕೇಳಿದಳು:

"ಮೇಡಂ, ನಾವು ಯಾರ ಸಮಯ ಕಿತ್ಕೊಂಡ್ವು? ಅವ್ರಿಗೇನೂ ನಷ್ಟ ಆಗ್ಲಿಲ್ವಾ?"

ಕಡಲ ಮೇಲೆ ಕೆಂಪು ಪೂರ್ತಿ ಅಳಿಸಿಹೋಗಿತ್ತು.

"ಇಲ್ಲಮ್ಮ," ಎಂದಳು ಎಲಿಯಾನ. "ದೂರದರ್ಶಕ ಖಾಲಿ ಇತ್ತು."

ನಿಬಾಲ್ದೊ ತನಗೆಂದು ಬೆಣ್ಣೆಹಣ್ಣು ಸವರಿಟ್ಟುಕೊಂಡಿದ್ದ ಬ್ರೆಡ್ಡನ್ನು ಅವಳ ಮುಂದೆ ಸರಿಸಿದ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಎತ್ತದೆ ತಿನ್ನತೊಡಗಿದಳು.